ಹ್ಯೂಸ್, ಜಾರ್ಜ್ ರಾಬರ್ಟ್ ಟ್ವೆಲ್ವ್ಸ್

1742–1840. ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಒಂದಾಗಿದ್ದ ಮ್ಯಾಸಚೂಸೆಟ್ಸ್‌ನ ಬಾಸ್ಟನ್ ನಗರದ ಚಮ್ಮಾರ. ಸ್ವಾತಂತ್ರ್ಯ ಯುದ್ಧದಲ್ಲಿ ಮಿಲಿಷಿಯಾ ಸಿಪಾಯಿ, ಸಮರನೌಕೆಗಳಲ್ಲಿ ನಾವಿಕ. 1770ರ ಬಾಸ್ಟನ್ ಹತ್ಯಾಕಾಂಡಕ್ಕೆ ಸಾಕ್ಷಿ. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಸಮುದ್ರಕ್ಕೆ ಸುರಿದವರಲ್ಲಿ ಒಬ್ಬ. ಈತ ಯಾವ ಸಭೆಗೂ ಆಯ್ಕೆಯಾಗಲಿಲ್ಲ, ಯಾವ ದಂಡಿಗೂ ನಾಯಕನಾಗಲಿಲ್ಲ, ಒಂದು ಕರಪತ್ರವನ್ನೂ ಬರೆಯಲಿಲ್ಲ. ಆದರೂ ಈತನ ಬದುಕು ಇಷ್ಟು ವಿವರವಾಗಿ ಸಿಗಲು ಮುಖ್ಯ ಕಾರಣ ಆಯುಸ್ಸು. ಜೊತೆಯವರೆಲ್ಲ ತೀರಿಕೊಂಡ ಮೇಲೂ ಬದುಕಿದ್ದು, ತೊಂಬತ್ತು ದಾಟಿದ ಮೇಲೆ ಇಬ್ಬರು ಲೇಖಕರ ಮುಂದೆ ಕುಳಿತು ತನ್ನ ಕಥೆ ಹೇಳಿದ. ದೊಡ್ಡವರ ಮನೆ ಬಾಗಿಲಲ್ಲಿ ನಡುಗುತ್ತ ನಿಂತಿದ್ದ ಕಸಬಿನ ಹುಡುಗ ಮುಂದೆ ಯಾರಿಗೂ ಟೋಪಿ ತೆಗೆಯುವುದಿಲ್ಲ ಎನ್ನುವ ಮಟ್ಟಕ್ಕೆ ಬಂದದ್ದು ಹೇಗೆ ಎಂಬುದು ಆ ಕಥೆಯ ತಿರುಳು. ರಾಜಕೀಯ ಕ್ರಾಂತಿ ಒಬ್ಬ ಸಾಮಾನ್ಯನ ನಡೆನುಡಿಯವರೆಗೆ ಇಳಿದದ್ದನ್ನು ಇಷ್ಟು ಹತ್ತಿರದಿಂದ ತೋರಿಸುವ ದಾಖಲೆಗಳು ಆ ಕಾಲದ ಅಮೆರಿಕದಲ್ಲಿ ವಿರಳ.

ಬಾಲ್ಯ ಮತ್ತು ಕಸಬು

1742ರ ಆಗಸ್ಟ್ 25ರಂದು ಬಾಸ್ಟನ್ನಿನಲ್ಲಿ ಜನನ. ಒಂಬತ್ತು ಮಕ್ಕಳಲ್ಲಿ ಆರನೆಯವ. ತಂದೆಯದು ಚರ್ಮ ಹದ ಮಾಡುವ, ಸಾಬೂನು ಮತ್ತು ಮೇಣದಬತ್ತಿ ತಯಾರಿಸುವ ಕೆಲಸ. ಕೈಗೆ ಹತ್ತಿದರೂ ಬಾಯಿಗೆ ಹತ್ತದ ಬದುಕು. ಹೆಸರಿನ ನಡುವೆ ಇರುವ ಟ್ವೆಲ್ವ್ಸ್ ಎಂಬುದು ತಾಯಿಯ ಕಡೆಯ ಹಿರಿಯಳೊಬ್ಬಳ ತವರಿನ ಹೆಸರು. ಹುಡುಗನಿಗೆ ಏಳು ವರ್ಷವಾದಾಗ, 1749ರಲ್ಲಿ ತಂದೆ ತೀರಿಕೊಂಡ; 1755ರಲ್ಲಿ ತಾಯಿಯೂ ಹೋದಳು. ಹದಿನಾಲ್ಕರ ಹೊತ್ತಿಗೆ ಡೌನಿಂಗ್ ಎಂಬ ಚಮ್ಮಾರನ ಬಳಿ ಕಸಬು ಕಲಿಯಲು ಸೇರಿಸಿದರು.

ಕಸಬು ಕಲಿಯುವುದು ಆಗ ಬರೆದು ಸಹಿ ಹಾಕಿದ ಕರಾರಿನ ವ್ಯವಹಾರ. ಹುಡುಗ ಇಪ್ಪತ್ತೊಂದು ತುಂಬುವವರೆಗೆ ಯಜಮಾನನ ಮನೆಯಲ್ಲೇ ಇರಬೇಕು, ಹೇಳಿದ ಕೆಲಸ ಮಾಡಬೇಕು. ಮದುವೆಯಾಗುವಂತಿಲ್ಲ, ಜೂಜಾಡುವಂತಿಲ್ಲ, ಹೆಂಡದಂಗಡಿ ಮೆಟ್ಟಲು ಹತ್ತುವಂತಿಲ್ಲ. ಯಜಮಾನ ಊಟ, ಬಟ್ಟೆ, ಮಲಗಲು ಜಾಗ ಕೊಡಬೇಕು. ಕಸಬಿನ ಗುಟ್ಟು ಕಲಿಸಬೇಕು. ಓದು, ಬರಹ, ಲೆಕ್ಕವನ್ನೂ ಅಷ್ಟಿಷ್ಟು ಹೇಳಿಕೊಡಬೇಕು. ಒಳ್ಳೆಯ ಕಸಬಿಗೆ ಸೇರಿಸಲು ತಂದೆತಾಯಿ ಯಜಮಾನನಿಗೆ ಹಣ ತೆರಬೇಕಾಗುತ್ತಿತ್ತು. ಅಕ್ಕಸಾಲಿಕೆ, ಹಡಗು ಕಟ್ಟುವುದು, ಮುದ್ರಣ ಇವು ಬಂಡವಾಳ ಬೇಡುವ ಕಸಬುಗಳು. ಬಾಸ್ಟನ್ನಿನ ಪಾಲ್ ರಿವೀರ್ ಬೆಳ್ಳಿ ಕೆಲಸ ಕಲಿತದ್ದು ಅಪ್ಪನ ಅಂಗಡಿಯಲ್ಲೇ. ಚಮ್ಮಾರಿಕೆಗೆ ಬೇಕಾದದ್ದು ನಾಲ್ಕು ಹತ್ಯಾರು, ಒಂದು ಕೂರುಮಣೆ. ಹಾಗಾಗಿ ಅನಾಥರು, ಬಡವರ ಕಿರಿಯ ಮಕ್ಕಳು, ಮೈಕಟ್ಟು ಸಣ್ಣದಾದವರು ಈ ಕಸಬಿಗೆ ಬಂದು ಸೇರುತ್ತಿದ್ದರು. ಹ್ಯೂಸ್ ಈ ಮೂರೂ ಆಗಿದ್ದ. ನಮ್ಮಲ್ಲಿಯಂತೆ ಹುಟ್ಟಿನಿಂದ ಅಂಟಿಕೊಂಡ ಜಾತಿಯ ಕಸಬು ಅದಾಗಿರಲಿಲ್ಲ. ಆದರೂ ಬಾಸ್ಟನ್ನಿನ ಕಸಬುಗಳ ಏಣಿಯಲ್ಲಿ ಅದರದು ಕೆಳಗಿನ ಮೆಟ್ಟಿಲೇ.

ಅಂಗಡಿ ಎಂದರೆ ಕಿಟಕಿ ಬೆಳಕಿನ ಕೋಣೆ. ಚಮ್ಮಾರ ತಗ್ಗಿನ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಚಪ್ಪಟೆ ಕಲ್ಲಿಟ್ಟು, ನೆನೆಸಿದ ಅಟ್ಟೆಯ ಚರ್ಮವನ್ನು ಸುತ್ತಿಗೆಯಿಂದ ಬಡಿದು ಗಟ್ಟಿ ಮಾಡುತ್ತಿದ್ದ. ರಂಪಿಗೆಯಿಂದ ಚರ್ಮ ಕೊಯ್ದು, ಮರದ ಅಚ್ಚಿಗೆ ಎಳೆದು ಕೂರಿಸಿ, ಪಾದಕ್ಕೆ ಸಿಕ್ಕಿಸಿದ ಪಟ್ಟಿಯಿಂದ ಅದನ್ನು ಮಂಡಿಗೆ ಬಿಗಿದುಕೊಳ್ಳುತ್ತಿದ್ದ. ಹೊಲಿಗೆಗೆ ಲೋಹದ ಸೂಜಿಯಿಲ್ಲ. ಮೇಣ ತಿಕ್ಕಿದ ನಾರಿನ ದಾರದ ಎರಡು ತುದಿಗೂ ಹಂದಿಯ ಬಿರುಗೂದಲು ಹೆಣೆದು, ಉಳಿಯಿಂದ ಚುಚ್ಚಿದ ಒಂದೇ ತೂತಿನಲ್ಲಿ ಎಡದಿಂದ ಒಂದು, ಬಲದಿಂದ ಒಂದು ದಾಟಿಸಿ, ಎರಡೂ ಕೈಯಿಂದ ಹೊರಕ್ಕೆ ಜಗ್ಗಬೇಕು. ಅಚ್ಚಿಗೆ ಎಡ ಬಲ ಎಂಬುದಿರಲಿಲ್ಲ. ಎರಡೂ ಕಾಲಿಗೆ ಒಂದೇ ಆಕಾರ. ತೊಟ್ಟವರ ಪಾದವೇ ಬೂಟಿಗೆ ಎಡ ಬಲ ಕಲಿಸಬೇಕಿತ್ತು. ಹೊಸ ಜೋಡು ಮಾಡುವವರು ಬೇರೆ, ಹಳೆಯದನ್ನು ರಿಪೇರಿ ಮಾಡುವವರು ಬೇರೆ ಎಂಬ ಭೇದ ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟಾಗಿತ್ತು. ವಸಾಹತಿನ ಬಡ ಚಮ್ಮಾರನಿಗೆ ಅದು ಕಟ್ಟುವಂತಿರಲಿಲ್ಲ. ಹ್ಯೂಸ್ ಎರಡೂ ಮಾಡಿದ.

ಕೂತು ಮಾಡುವ ಈ ಕೆಲಸ ಹುಡುಗನಿಗೆ ಒಗ್ಗಲಿಲ್ಲ. ಫ್ರೆಂಚರ ವಿರುದ್ಧ ಬ್ರಿಟನ್ ನಡೆಸುತ್ತಿದ್ದ ಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳುತ್ತಿದ್ದಾಗ ಹೆಸರು ಬರೆಸಲು ಹೋದ. ಈತನ ಎತ್ತರ 5 ಅಡಿ 1 ಅಂಗುಲ. ಸೈನ್ಯಕ್ಕೆ ಬೇಕಾದದ್ದು 5 ಅಡಿ 2 ಅಂಗುಲ. ಹಿಂದಿರುಗಿ ಬಂದು ತನ್ನ ಕಸಬನ್ನೇ ನೆಚ್ಚಿಕೊಂಡ: ಬೂಟಿನ ಹಿಮ್ಮಡಿ ಏರಿಸಿದ, ಕಾಲುಚೀಲದೊಳಗೆ ಕಾಗದ, ಚಿಂದಿ ತುರುಕಿದ. ಅಳತೆ ತೆಗೆಯುವ ಅಧಿಕಾರಿ ಆ ಹಿಮ್ಮಡಿಯನ್ನು ನೋಡಿಯೇ ಹೊರಗಟ್ಟಿದ.

ಕರಾರು ಮುಗಿದು 1763ರ ಸುಮಾರಿಗೆ ಸ್ವಂತ ಅಂಗಡಿ ತೆರೆದ. ಆ ದಿನಗಳ ಒಂದು ಪ್ರಸಂಗವನ್ನು ಹ್ಯೂಸ್ ಸಾಯುವವರೆಗೂ ಮರೆಯಲಿಲ್ಲ. ನಗರದ ಅತಿ ಸಿರಿವಂತ ವರ್ತಕ ಮನೆತನದ ಜಾನ್ ಹ್ಯಾನ್‌ಕಾಕ್‌ನ ಬೂಟು ರಿಪೇರಿ ಮಾಡಿಕೊಟ್ಟಿದ್ದಕ್ಕೆ, ಹೊಸ ವರ್ಷದ ದಿನ ಮನೆಗೆ ಬಂದು ಕಾಣುವಂತೆ ಆತ ಹೇಳಿದ. ಹ್ಯೂಸ್ ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಬೀಕನ್ ಗುಡ್ಡದ ಆ ಮಹಲಿಗೆ ಹೋದ. ಭಯಕ್ಕೆ ಬಾಯಿ ಒಣಗಿತ್ತು. ಹ್ಯಾನ್‌ಕಾಕ್ ಕೂರಲು ಹೇಳಿ, ವೈನ್ ತರಿಸಿ, ತನ್ನ ಲೋಟವನ್ನು ಈತನ ಲೋಟಕ್ಕೆ ತಾಗಿಸಿ ಕುಡಿದು, ಕೈಗೊಂದು ಬೆಳ್ಳಿ ನಾಣ್ಯವಿಟ್ಟು ಕಳಿಸಿದ. ಇದು ಉಪಚಾರವೂ ಹೌದು, ನೀನೆಲ್ಲಿ ನಾನೆಲ್ಲಿ ಎಂದು ನೆನಪಿಸುವ ವಿಧಾನವೂ ಹೌದು. ಧಣಿ ಕೊಡುವವ, ಕಸಬಿನವ ಕೈಯೊಡ್ಡುವವ. ಬಾಸ್ಟನ್ನಿನ ಲೋಕ ನಡೆಯುತ್ತಿದ್ದದ್ದೇ ಹೀಗೆ.

1768ರ ಜನವರಿಯಲ್ಲಿ ಸ್ಯಾಲಿ ಸಮ್ನರ್ ಎಂಬಾಕೆಯನ್ನು ಮದುವೆಯಾದ. ಬ್ಯಾಪ್ಟಿಸ್ಟ್ ಚರ್ಚಿನ ಪರಿಚಾರಕನ ಮಗಳು, ಬಟ್ಟೆ ಒಗೆದು ಸಂಪಾದಿಸುತ್ತಿದ್ದವಳು. ಇವರಿಗೆ ಹದಿನೈದು ಮಕ್ಕಳಾದವು. ಕೊನೆಯವನಿಗೆ ತನ್ನದೇ ಹೆಸರಿಟ್ಟು, ಗುರುತಿಗೆಂದು ಫಿಫ್ಟೀನ್ ಎಂಬ ಅಂಕಿಯನ್ನೂ ಸೇರಿಸಿದನಂತೆ. ಅಷ್ಟು ಮಕ್ಕಳ ತಂದೆಗೆ ಹಾಸ್ಯಪ್ರಜ್ಞೆ ಇತ್ತೆಂದಾಯಿತು. ಇಲ್ಲದ್ದು ಹಣ. ಮದುವೆಗೆ ಮೊದಲೇ ಹೊಲಿಸಿಕೊಂಡ ಒಂದು ಒಳ್ಳೆಯ ಉಡುಪಿನ ಬಾಕಿ ತೀರಿಸಲಾಗದೆ 1770ರ ಸೆಪ್ಟೆಂಬರಿನಲ್ಲಿ ಸಾಲಗಾರರ ಸೆರೆಮನೆ ಸೇರಿದ. ಬಾಕಿ ಇದ್ದದ್ದು ಆರು ಪೌಂಡು ಚಿಲ್ಲರೆ. ಮರುವರ್ಷದ ನಗರ ತೆರಿಗೆ ಪಟ್ಟಿಯಲ್ಲಿ ಈತನ ಹೆಸರೇ ಇಲ್ಲ. ತೆರಿಗೆ ಹಾಕುವಷ್ಟು ಆಸ್ತಿ ಇರಲಿಲ್ಲ.

ಬೀದಿಯ ರಾಜಕೀಯ

1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಮೇಲೆ ಛಾಪಾ ತೆರಿಗೆ ಹೇರಿದಾಗ ಬಾಸ್ಟನ್ನಿನ ಬೀದಿ ಗಲಭೆಗಳ ಮುಂದಾಳು ಎಬೆನೀಜರ್ ಮ್ಯಾಕಿಂಟಾಷ್ ಎಂಬಾತ. ಅವನೂ ಚಮ್ಮಾರನೇ. ಕಸಬಿನ ನಂಟಿದ್ದರೂ ಆ ಗಲಭೆಗಳಲ್ಲಿ ತಾನಿದ್ದೆ ಎಂದು ಹ್ಯೂಸ್ ಎಂದೂ ಹೇಳಿಕೊಳ್ಳಲಿಲ್ಲ. ಈತನನ್ನು ರಾಜಕೀಯಕ್ಕೆ ಎಳೆದದ್ದು ತೆರಿಗೆಯ ತತ್ತ್ವಕ್ಕಿಂತ ಹೆಚ್ಚಾಗಿ ಕೆಂಪು ಕೋಟಿನ ಸಿಪಾಯಿಗಳು. 1768ರ ಅಕ್ಟೋಬರಿನಲ್ಲಿ ಬ್ರಿಟಿಷ್ ಪಡೆ ಬಾಸ್ಟನ್ನಿಗೆ ಬಂದಿಳಿಯಿತು. ಸುಮಾರು 15,500 ಜನರ ಊರಿನಲ್ಲಿ ಮೂಲೆ ಮೂಲೆಗೂ ಕಾವಲುಗಾರ, ರಾತ್ರಿ ಓಡಾಡುವವರಿಗೆಲ್ಲ ತಡೆ. ಸಂಬಳ ಸಾಲದ ಸಿಪಾಯಿಗಳು ಬಿಡುವಿನಲ್ಲಿ ಕಡಿಮೆ ಕೂಲಿಗೆ ದುಡಿಯತೊಡಗಿದಾಗ ಊರಿನ ಬಡವರ ಅನ್ನಕ್ಕೂ ಕಲ್ಲು ಬಿತ್ತು. 1770ರ ಮಾರ್ಚ್ 2ರಂದು ಹಗ್ಗ ಹೊಸೆಯುವ ಕಾರ್ಖಾನೆಯೊಂದರಲ್ಲಿ ನಡೆದ ಹೊಡೆದಾಟಕ್ಕೆ ಇದೇ ಮೂಲ.

ಹ್ಯೂಸನಿಗೆ ಸಿಪಾಯಿಗಳ ಜೊತೆ ವೈಯಕ್ತಿಕ ಲೆಕ್ಕವೂ ಇತ್ತು. ಒಬ್ಬ ಸಾರ್ಜೆಂಟ್ ತನ್ನ ಕ್ಯಾಪ್ಟನ್ನನ ಹೆಸರು ಹೇಳಿ ಬೂಟು ಒಯ್ದು ಹಣ ಕೊಡಲಿಲ್ಲ. ಹ್ಯೂಸ್ ದೂರು ಕೊಟ್ಟ. ತಪ್ಪಿತಸ್ಥನಿಗೆ ನೂರಾರು ಛಡಿಯೇಟಿನ ಶಿಕ್ಷೆಯಾದದ್ದನ್ನು ಕೇಳಿ, ಇಷ್ಟು ಘೋರ ಶಿಕ್ಷೆಯಾಗುತ್ತದೆಂದು ಗೊತ್ತಿದ್ದರೆ ಬಾಯಿ ಬಿಡುತ್ತಿರಲಿಲ್ಲ ಎಂದನಂತೆ. ಈ ಬಗೆಯ ಕನಿಕರ ಈತನ ಕಥೆಯಲ್ಲಿ ಮತ್ತೊಮ್ಮೆ, ಇನ್ನೂ ಅನಿರೀಕ್ಷಿತ ಜಾಗದಲ್ಲಿ ಬರುತ್ತದೆ.

ಮಾರ್ಚ್ 5ರ ರಾತ್ರಿ ಕಿಂಗ್ ಸ್ಟ್ರೀಟಿನಲ್ಲಿ ಸುಂಕದ ಕಟ್ಟೆಯ ಕಾವಲುಗಾರನನ್ನು ಜನ ಮುತ್ತಿಕೊಂಡರು. ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಸಿಪಾಯಿಗಳೊಡನೆ ಬಂದ. ಹಿಮದುಂಡೆ, ಬೈಗುಳ, ದೊಣ್ಣೆ, ಕೊನೆಗೆ ಗುಂಡು. ಬಾಸ್ಟನ್ ಹತ್ಯಾಕಾಂಡ ಎಂಬುದು ಇದೇ. ಕ್ರಿಸ್ಪಸ್ ಆಟಕ್ಸ್, ಸ್ಯಾಮ್ಯುಯೆಲ್ ಗ್ರೇ, ಜೇಮ್ಸ್ ಕಾಲ್ಡ್‌ವೆಲ್, ಸ್ಯಾಮ್ಯುಯೆಲ್ ಮ್ಯಾವೆರಿಕ್, ಪ್ಯಾಟ್ರಿಕ್ ಕಾರ್, ಸತ್ತ ಈ ಐವರೂ ದುಡಿದುಣ್ಣುವ ಜನ. ಹಡಗಿನ ಕೆಲಸದ ಕಾಲ್ಡ್‌ವೆಲ್ ಬೆನ್ನಿಗೆ ಗುಂಡು ತಗಲಿ ಬಿದ್ದದ್ದು ಹ್ಯೂಸನ ತೋಳುಗಳಿಗೆ. ಸತ್ತವರಲ್ಲಿ ಹೆಚ್ಚಿನವರು ತನಗೆ ಗೊತ್ತಿದ್ದವರೆಂದು ಹ್ಯೂಸ್ ಹೇಳುತ್ತಿದ್ದ. ಅದೇ ರಾತ್ರಿ ಮನೆಗೆ ಹೋಗಿ ಕೈಗೊಂದು ಬೆತ್ತ ಹಿಡಿದು ಮತ್ತೆ ಬೀದಿಗೆ ಬಂದ. ಸಾರ್ಜೆಂಟನೊಬ್ಬ ಬೆತ್ತ ಕಿತ್ತುಕೊಂಡಾಗ, ನಿಮಗೆ ದೊಣ್ಣೆ ಹಿಡಿಯುವ ಹಕ್ಕಿದ್ದರೆ ನನಗೂ ಬೆತ್ತ ಹಿಡಿಯುವ ಹಕ್ಕಿದೆ ಎಂಬರ್ಥದಲ್ಲಿ ವಾದಿಸಿದ. ನಗರಸಭೆ ಸಾಕ್ಷ್ಯಗಳನ್ನು ಸೇರಿಸಿ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಹ್ಯೂಸನ ಪ್ರಮಾಣಪೂರ್ವಕ ಹೇಳಿಕೆಯೂ ಇದೆ. ಆರೇ ತಿಂಗಳಲ್ಲಿ ಸಾಲಕ್ಕಾಗಿ ಸೆರೆಮನೆ ಕಂಡವನೂ ಇವನೇ ಎಂಬುದನ್ನು ನೆನೆದರೆ, ಆ ಹಕ್ಕಿನ ಮಾತಿಗೆ ಬೇರೆಯೇ ತೂಕ ಬರುತ್ತದೆ. ವಿಚಾರಣೆಯಲ್ಲಿ ಜಾನ್ ಆಡಮ್ಸ್ ಸಿಪಾಯಿಗಳ ಪರ ವಾದಿಸಿದ. ಪ್ರೆಸ್ಟನ್ ಖುಲಾಸೆಯಾದ, ಎಂಟು ಸಿಪಾಯಿಗಳಲ್ಲಿ ಇಬ್ಬರ ಮೇಲೆ ಮಾತ್ರ ಅಪರಾಧ ರುಜುವಾಗಿ ಹೆಬ್ಬೆರಳಿಗೆ ಬರೆ ಬಿತ್ತು.

ಚಹಾದ ರಾತ್ರಿ

1773ರ ಚಹಾ ಕಾಯಿದೆಯ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ದಿವಾಳಿತನವಿತ್ತು; ಅದರ ಬೇರು ಹುಡುಕಿದರೆ ಭಾರತಕ್ಕೆ, ಮೈಸೂರಿಗೂ ಬರಬೇಕಾಗುತ್ತದೆ. ಹೈದರಾಲಿ ಕರ್ನಾಟಿಕ್ ಬಯಲಿಗೆ ನುಗ್ಗಿ ಮದ್ರಾಸನ್ನು ಬೆದರಿಸಿದ ಸುದ್ದಿ 1769ರಲ್ಲಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿದಿತ್ತು. ಮರುವರ್ಷ ಬಂಗಾಳದ ಭೀಕರ ಬರ, 1772ರಲ್ಲಿ ಯುರೋಪಿನ ಸಾಲ ಮಾರುಕಟ್ಟೆಯ ಬಿಕ್ಕಟ್ಟು. ಲಂಡನ್ ಗೋದಾಮುಗಳಲ್ಲಿ ಮಾರಾಟವಾಗದ ಚೀನಾದ ಚಹಾ ಕೊಳೆಯುತ್ತಿತ್ತು. ಅದನ್ನು ವಸಾಹತುಗಳಿಗೆ ನೇರವಾಗಿ ಕಳಿಸಲು ಪಾರ್ಲಿಮೆಂಟು ಅನುಮತಿ ಕೊಟ್ಟಿತು. ಬೆಲೆ ಇಳಿಯಿತು, ಆದರೆ ಪೌಂಡಿಗೆ ಮೂರು ಪೆನ್ಸಿನ ಸುಂಕ ಉಳಿಯಿತು. ಸುಂಕ ಕೊಟ್ಟರೆ ಪಾರ್ಲಿಮೆಂಟಿನ ತೆರಿಗೆ ಅಧಿಕಾರವನ್ನು ಒಪ್ಪಿದಂತೆ ಎಂಬುದು ವಸಾಹತುಗಾರರ ಪಟ್ಟು. ಹೈದರನ ಹೆಸರು ಅಮೆರಿಕದಲ್ಲಿ ಎಷ್ಟು ಪರಿಚಿತವಾಗಿತ್ತೆಂದರೆ, 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಸಮರನೌಕೆಗೆ ಹೈದರ್ ಅಲಿ ಎಂದೇ ಹೆಸರಿಟ್ಟಿದ್ದರು.

ಡಾರ್ಟ್‌ಮತ್, ಎಲಿನರ್, ಬೀವರ್ ಎಂಬ ಮೂರು ಹಡಗುಗಳು ಗ್ರಿಫಿನ್ ಧಕ್ಕೆಯಲ್ಲಿ ನಿಂತಿದ್ದವು. ಸುಂಕ ಕಟ್ಟಲು ಉಳಿದಿದ್ದ ಗಡುವು ಮುಗಿಯುವ ಮುನ್ನಾದಿನ, 1773ರ ಡಿಸೆಂಬರ್ 16ರಂದು, ಓಲ್ಡ್ ಸೌತ್ ಸಭಾಭವನದಲ್ಲಿ ಸಾವಿರಾರು ಜನ ಸೇರಿದರು. ಹಡಗುಗಳನ್ನು ಚಹಾ ಸಮೇತ ಹಿಂದೆ ಕಳಿಸಲು ಗವರ್ನರ್ ಥಾಮಸ್ ಹಚಿನ್‌ಸನ್ ಒಪ್ಪಲಿಲ್ಲವೆಂಬ ಸುದ್ದಿ ಬಂದದ್ದೇ ತಡ, ಜನ ಧಕ್ಕೆಯತ್ತ ನಡೆದರು. ಹ್ಯೂಸ್ ಒಬ್ಬ ಕಮ್ಮಾರನ ಅಂಗಡಿಗೆ ನುಗ್ಗಿ ಇದ್ದಿಲ ಪುಡಿಯಿಂದ ಮುಖ ಮಸಿ ಮಾಡಿಕೊಂಡು, ಹೆಗಲಿಗೆ ಕಂಬಳಿ ಹೊದ್ದು, ಕೈಗೊಂದು ಸಣ್ಣ ಕೊಡಲಿ ಹಿಡಿದ. ಮೂಲನಿವಾಸಿಗಳ ವೇಷ ಎಂದು ಹೆಸರೇನೋ ಇತ್ತು. ಗುರುತು ಸಿಗಬಾರದು ಎಂಬುದೇ ನಿಜವಾದ ಉದ್ದೇಶ.

ಧಕ್ಕೆಯಲ್ಲಿ ಮೂರು ತಂಡ ಮಾಡಿದರು. ಹ್ಯೂಸನ ತಂಡಕ್ಕೆ ಲೆಂಡಲ್ ಪಿಟ್ಸ್ ನಾಯಕ. ಹ್ಯೂಸನ ಸಿಳ್ಳೆ ದೂರಕ್ಕೆ ಕೇಳುವಂಥದು. ಆ ಕಾರಣಕ್ಕೆ ಈತನನ್ನೇ ತಂಡದ ಮೇಲ್ವಿಚಾರಕನನ್ನಾಗಿ ಮಾಡಿದರು. ಹಡಗಿನ ಕ್ಯಾಪ್ಟನ್ನನ ಬಳಿ ಹೋಗಿ ಉಗ್ರಾಣದ ಬೀಗದಕೈ ಮತ್ತು ಒಂದು ಡಜನ್ ಮೇಣದಬತ್ತಿ ಕೇಳಿದವ ಹ್ಯೂಸ್. ಕ್ಯಾಪ್ಟನ್ ಎರಡನ್ನೂ ಕೊಟ್ಟು, ಹಡಗಿಗೆ ಮಾತ್ರ ಹಾನಿ ಮಾಡಬೇಡಿ ಎಂದು ಕೇಳಿಕೊಂಡ. ಮಾಡಲೂ ಇಲ್ಲ. ಸುಮಾರು ಮೂರು ಗಂಟೆಯಲ್ಲಿ 342 ಪೆಟ್ಟಿಗೆ ಒಡೆದು, 92,000 ಪೌಂಡಿಗೂ ಮಿಕ್ಕಿದ ಚಹಾವನ್ನು ನೀರಿಗೆ ಸುರಿದರು. ಕಂಪನಿ ಹೇಳಿದ ನಷ್ಟ 9,659 ಪೌಂಡ್ ಸ್ಟರ್ಲಿಂಗ್. ಇಳಿತದ ಹೊತ್ತಾದ್ದರಿಂದ ಚಹಾ ಮುಳುಗದೆ ಹಡಗಿನ ಪಕ್ಕಕ್ಕೆ ರಾಶಿ ಬಿತ್ತು. ನಡುವೆ ಓ'ಕಾನರ್ ಎಂಬೊಬ್ಬ ಕೋಟಿನ ಅಸ್ತರಿನೊಳಗೆ ಚಹಾ ತುಂಬಿಕೊಳ್ಳುತ್ತಿದ್ದುದನ್ನು ಹ್ಯೂಸ್ ಕಂಡ. ಓಡಲು ನೋಡಿದವನ ಕೋಟಿನ ಅಂಚಿಗೆ ಕೈ ಹಾಕಿ ಎಳೆದಾಗ ಬಟ್ಟೆ ಹರಿದು ಕೈಗೆ ಬಂತು. ಓಡಿದವನಿಗೆ ದಾರಿಯುದ್ದಕ್ಕೂ ಒದೆತ ಬಿತ್ತು. ಮರುದಿನ ಬೆಳಿಗ್ಗೆ ಇನ್ನೂ ತೇಲುತ್ತಿದ್ದ ಚಹಾ ಯಾರ ಉಪಯೋಗಕ್ಕೂ ಬಾರದಂತೆ, ದೋಣಿಗಳಲ್ಲಿ ಹೋಗಿ ಹುಟ್ಟುಗಳಿಂದ ಬಡಿದು ಮುಳುಗಿಸಿದರು.

ಆರು ವಾರ ಕಳೆಯುವಷ್ಟರಲ್ಲಿ, 1774ರ ಜನವರಿ 25ರಂದು, ಹ್ಯೂಸನ ಹೆಸರು ಪತ್ರಿಕೆಗೂ ಬಂತು. ಜಾನ್ ಮ್ಯಾಲ್ಕಂ ಎಂಬ ಸುಂಕದ ಅಧಿಕಾರಿ ಬೀದಿಯಲ್ಲಿ ಒಬ್ಬ ಹುಡುಗನ ಮೇಲೆ ಬೆತ್ತ ಎತ್ತಿದ್ದ. ಹ್ಯೂಸ್ ಅಡ್ಡ ಬಂದ. ಗೌರವಸ್ಥರ ವಿಷಯದಲ್ಲಿ ತಲೆ ಹಾಕಬೇಡವೆಂದು ಮ್ಯಾಲ್ಕಂ ಗದರಿದ. ಅವನಿಗೆ ಹಿಂದಿನ ವರ್ಷವೇ ಪೋರ್ಟ್ಸ್‌ಮತ್‌ನಲ್ಲಿ ಜನ ಡಾಂಬರು ಬಳಿದಿದ್ದರು. ಆ ಗಾಯವನ್ನೇ ಹ್ಯೂಸ್ ಕೆಣಕಿದ: ನಾನು ಯಾರಾದರೂ ಆಗಿರಲಿ, ನನಗಂತೂ ಡಾಂಬರು ಬಿದ್ದಿಲ್ಲ. ಬೆತ್ತದ ಏಟು ತಲೆಗೆ ಬಿತ್ತು. ಹ್ಯೂಸ್ ಪ್ರಜ್ಞೆ ತಪ್ಪಿದ. ಗಾಯಕ್ಕೆ ಪಟ್ಟಿ ಕಟ್ಟಿದ ವೈದ್ಯ ಜೋಸೆಫ್ ವಾರನ್, ಮರುವರ್ಷ ಬಂಕರ್ ಹಿಲ್ ಕಾಳಗದಲ್ಲಿ ಮಡಿದವ, ನಿನ್ನ ಬುರುಡೆ ಇಷ್ಟು ದಪ್ಪವಿಲ್ಲದಿದ್ದರೆ ಉಳಿಯುತ್ತಿರಲಿಲ್ಲ ಎಂದು ನಗೆಯಾಡಿದನಂತೆ. ಆ ಸಂಜೆ ಜನ ಮ್ಯಾಲ್ಕಂನನ್ನು ಮನೆಯಿಂದ ಎಳೆದು, ಕೊರೆಯುವ ಚಳಿಯಲ್ಲಿ ಬಟ್ಟೆ ಬಿಚ್ಚಿ, ಡಾಂಬರು ಬಳಿದು ಪುಕ್ಕ ಅಂಟಿಸಿ, ಗಾಡಿಯಲ್ಲಿ ಗಂಟೆಗಟ್ಟಲೆ ಮೆರೆಸಿದರು. ಹ್ಯೂಸ್ ಇದಕ್ಕೆ ಒಪ್ಪಲಿಲ್ಲ. ಅವನ ಮೈ ಮುಚ್ಚಲು ಕಂಬಳಿ ಹಿಡಿದು ಗಾಡಿಯ ಹಿಂದೆ ಓಡಿದೆ ಎಂದು ಮುಪ್ಪಿನಲ್ಲಿ ಹೇಳಿದ. ಕಾನೂನಿನ ದಾರಿ ಹಿಡಿಯಲು ಆಗಲೇ ವಾರೆಂಟ್ ತಂದಿದ್ದ ಎಂಬುದನ್ನು ನೋಡಿದರೆ ಈ ಮಾತನ್ನು ನಂಬಬಹುದು.

ಮಿಲಿಷಿಯಾ ಮತ್ತು ಸಮುದ್ರ

ಚಹಾಕ್ಕೆ ದಂಡವಾಗಿ 1774ರಲ್ಲಿ ಬ್ರಿಟನ್ ಬಾಸ್ಟನ್ ಬಂದರನ್ನು ಮುಚ್ಚಿತು. ಬಂದರೇ ಹೊಟ್ಟೆಯಾಗಿದ್ದ ಊರಿನಲ್ಲಿ ಕಸಬಿನವರು ಕೈಕಟ್ಟಿ ಕೂತರು. ಹಳ್ಳಿಗಳಲ್ಲಿ ಬೇರೊಂದು ತಯಾರಿ ನಡೆದಿತ್ತು. ಮ್ಯಾಸಚೂಸೆಟ್ಸ್ ಕಾನೂನಿನ ಪ್ರಕಾರ ಹದಿನಾರರಿಂದ ಅರವತ್ತರ ನಡುವಿನ ಬಹುತೇಕ ಗಂಡಸರೆಲ್ಲ ಮಿಲಿಷಿಯಾದವರೇ. ಪಾದ್ರಿಗಳು, ನ್ಯಾಯಾಧಿಕಾರಿಗಳು, ಹಾರ್ವರ್ಡ್ ವಿದ್ಯಾರ್ಥಿಗಳು ಮುಂತಾದವರಿಗೆ ವಿನಾಯಿತಿ. ಕರಿಯರನ್ನೂ ಮೂಲನಿವಾಸಿಗಳನ್ನೂ ಕವಾಯತಿಗೆ ಸೇರಿಸುತ್ತಿರಲಿಲ್ಲ. ಆದರೂ 1775ರಲ್ಲಿ ಯುದ್ಧ ಶುರುವಾದ ಲೆಕ್ಸಿಂಗ್‌ಟನ್ನಿನಲ್ಲಿ ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಾಬ್ರುಕ್ ಎಂಬ ಗುಲಾಮನೂ ಇದ್ದ. ಬಂದೂಕು, ಮದ್ದು, ಗುಂಡು ಎಲ್ಲ ಅವರವರದೇ. ವರ್ಷಕ್ಕೆ ಕೆಲವು ದಿನ ಊರ ಮೈದಾನದಲ್ಲಿ ಕವಾಯತು. ಅದು ಮುಗಿದರೆ ರಮ್ ಮತ್ತು ಹರಟೆ. 1774ರ ಶರತ್ಕಾಲದಿಂದ ಇದರೊಳಗಿನಿಂದಲೇ ಕರೆ ಬಂದೊಡನೆ ಹೊರಡುವ ಮಿನಿಟ್‌ಮನ್ ದಳಗಳನ್ನು ಆರಿಸತೊಡಗಿದರು.

ಕಸಬಿಗೂ ಯುದ್ಧಕ್ಕೂ ಇದ್ದ ನಂಟಿಗೆ ಆಕ್ಟನ್ ಊರಿನ ಐಸಾಕ್ ಡೇವಿಸ್ ಒಳ್ಳೆಯ ನಿದರ್ಶನ. ಬಂದೂಕು ತಯಾರಿಸುವುದು ಅವನ ಕಸಬು. ಹಾಗಾಗಿ ಅವನ ದಳದವರಿಗೆ ಬಯೊನೆಟ್ಟುಗಳಿದ್ದವು. ಬೇರೆ ಹಳ್ಳಿಯವರಲ್ಲಿ ಎಷ್ಟೋ ಜನರ ಬಳಿ ಇದ್ದದ್ದು ಹಕ್ಕಿ ಹೊಡೆಯುವ ಬಂದೂಕು. 1775ರ ಏಪ್ರಿಲ್ 19ರಂದು ಬ್ರಿಟಿಷರು ಹಿಡಿದಿದ್ದ ಕಾಂಕರ್ಡಿನ ಸೇತುವೆಗೆ ನುಗ್ಗುವಾಗ ಡೇವಿಸನ ದಳವನ್ನು ಮುಂದಿಟ್ಟದ್ದು ಈ ಕಾರಣಕ್ಕೇ ಎನ್ನುತ್ತಾರೆ. ಮೊದಲ ಸುತ್ತಿನಲ್ಲೇ ಆತ ಸತ್ತ. ಆ ದಿನ ಬ್ರಿಟಿಷರ ಕಡೆ 73, ವಸಾಹತಿನವರ ಕಡೆ 49 ಜನ ಸತ್ತರು. ರಾತ್ರಿಯೊಳಗೆ ಬಾಸ್ಟನ್ನಿಗೆ ಮುತ್ತಿಗೆ ಬಿತ್ತು.

ಹ್ಯೂಸ್ ಮುತ್ತಿಗೆಯ ಒಳಗೆ ಸಿಕ್ಕಿಬಿದ್ದಿದ್ದ. ಹೆಂಡತಿ ಮಕ್ಕಳನ್ನು ತನ್ನವರಿದ್ದ ರೆಂಥಮ್ ಊರಿಗೆ ಕಳಿಸಿ, ಕೆಲವು ವಾರಗಳ ಮೇಲೆ ಮೀನು ಹಿಡಿಯುವ ನೆಪದಲ್ಲಿ ದೋಣಿಯೇರಿ ತಪ್ಪಿಸಿಕೊಂಡ. ಕೇಂಬ್ರಿಜ್‌ನಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್‌ಟನ್ ತನ್ನನ್ನು ಕರೆಸಿ ಊರೊಳಗಿನ ಸುದ್ದಿ ಕೇಳಿದ, ತಪ್ಪಿಸಿಕೊಂಡ ಬಗೆ ಕೇಳಿದಾಗ ನಗದಿದ್ದರೂ ಪ್ರಸನ್ನನಾಗಿ ಕಂಡ ಎಂಬುದು ಹ್ಯೂಸ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಥೆ. ಬಾಸ್ಟನ್ನಿನ ಅಂಗಡಿಯನ್ನು ಬ್ರಿಟಿಷರು ಸೌದೆಗಾಗಿ ಕೆಡವಿದ್ದರು. ಮತ್ತೆ ಆ ಊರಿನಲ್ಲಿ ನೆಲೆಸಲಿಲ್ಲ.

ಮುಂದಿನ ಆರು ವರ್ಷ ಈತ ಅರೆ ಚಮ್ಮಾರ, ಅರೆ ಸಿಪಾಯಿ. ಎಲ್ಲ ವಸಾಹತುಗಳ ಕಾಯಂ ಪಡೆಯಾದ ಕಾಂಟಿನೆಂಟಲ್ ಸೈನ್ಯ ಸೇರಿದವರು ಮೂರು ವರ್ಷಕ್ಕೋ ಯುದ್ಧ ಮುಗಿಯುವವರೆಗೋ ಮನೆ ಮರೆಯಬೇಕು. ಮಿಲಿಷಿಯಾದವರನ್ನು ಕರೆಯುತ್ತಿದ್ದದ್ದು ಒಂದರಿಂದ ಮೂರು ತಿಂಗಳಿಗೆ. ಈ ಬಂದು ಹೋಗುವ ಪಡೆಯನ್ನು ವಾಷಿಂಗ್‌ಟನ್ ನೆಚ್ಚಲಿಲ್ಲ. 1776ರ ಸೆಪ್ಟೆಂಬರಿನಲ್ಲಿ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ ಮಿಲಿಷಿಯಾವನ್ನು ಕಟುವಾಗಿಯೇ ದೂರಿದ. ಬಯಲಿನಲ್ಲಿ ಎದುರುಬದುರು ನಿಂತಾಗ ಅವರು ಚದುರಿ ಓಡಿದ್ದು ಹಲವು ಸಲ, ಅದು ಸುಳ್ಳಲ್ಲ. ಆದರೆ 1781ರ ಜನವರಿಯಲ್ಲಿ ಕೌಪೆನ್ಸ್‌ನಲ್ಲಿ ಡೇನಿಯಲ್ ಮಾರ್ಗನ್ ಅವರ ಸ್ವಭಾವ ತಿಳಿದು, ಎರಡು ಸುತ್ತು ಹೊಡೆದು ಹಿಂದೆ ಸರಿಯಿರಿ ಎಂದಷ್ಟೇ ಹೇಳಿ, ಅದನ್ನೇ ಬಲೆಯಾಗಿ ಹೂಡಿ ಗೆದ್ದ. ಮನೆಯ ಲೆಕ್ಕದಿಂದ ನೋಡಿದರೆ ಮಿಲಿಷಿಯಾದವರ ಓಡಾಟಕ್ಕೆ ಅರ್ಥವಿದೆ. ಬಿತ್ತನೆ, ಕೊಯ್ಲು, ಅರ್ಧ ಹೊಲಿದ ಬೂಟು, ಬಸುರಿ ಹೆಂಡತಿ ಕಾಯುವುದಿಲ್ಲ. ಸರ್ಕಾರ ಕೊಡುವ ಕಾಗದದ ಹಣವನ್ನು 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ ನಲವತ್ತಕ್ಕೆ ಒಂದರಂತೆ ಇಳಿಸಿತ್ತು.

1776ರ ಕೊನೆಯಿಂದ 1779ರ ಅಕ್ಟೋಬರಿನವರೆಗೆ ನ್ಯೂಪೋರ್ಟ್ ಬ್ರಿಟಿಷರ ವಶದಲ್ಲಿತ್ತು. ಅದಕ್ಕೆ ಹತ್ತಿರದ ದಕ್ಷಿಣ ಮ್ಯಾಸಚೂಸೆಟ್ಸಿನ ಊರುಗಳಿಂದ ಮಿಲಿಷಿಯಾಕ್ಕೆ ಕರೆ ಮೇಲಿಂದ ಮೇಲೆ ಬರುತ್ತಿತ್ತು. ಹ್ಯೂಸ್ 1777ರಿಂದ 1781ರ ನಡುವೆ ಹಲವು ಸಲ ಹೀಗೆ ಹೋಗಿ ಬಂದ. ದೊಡ್ಡ ಕಾಳಗದ ವರ್ಣನೆ ಈತನ ನೆನಪುಗಳಲ್ಲಿ ಇಲ್ಲ. ಕಾವಲು, ನಡಿಗೆ, ಕಾಯುವಿಕೆ, ಇಷ್ಟೇ. ಇದೇ ಹೊತ್ತಿಗೆ ಸೈನ್ಯ ಬರಿಗಾಲಿನಲ್ಲಿತ್ತು. ಕಡಿದ ದನಗಳ ತೊಗಲನ್ನು ಬೂಟಿಗೆ ಅದಲುಬದಲು ಮಾಡಲೆಂದೇ ಕಾಂಗ್ರೆಸ್ ಒಂದು ಇಲಾಖೆ ತೆರೆದಿತ್ತು. ಪ್ರತಿ ಊರೂ ಇಂತಿಷ್ಟು ಜೊತೆ ಬೂಟು, ಕಾಲುಚೀಲ, ಅಂಗಿ ಒದಗಿಸಬೇಕೆಂದು ಮ್ಯಾಸಚೂಸೆಟ್ಸ್ ಕಟ್ಟಪ್ಪಣೆ ಮಾಡಿತ್ತು. ಬೂಟು ಹೊಲಿಯಬಲ್ಲವನ ಕೈಗೆ ಬಂದೂಕು ಕೊಟ್ಟು ಕಾವಲಿಗೆ ನಿಲ್ಲಿಸುವುದು ಎಷ್ಟು ಜಾಣತನ ಎಂದು ಆಗ ಯಾರೂ ಕೇಳಿದಂತಿಲ್ಲ.

ಹಣದ ಆಸೆಗೆ ಹ್ಯೂಸ್ ಸಮುದ್ರಕ್ಕೂ ಇಳಿದ. ಶತ್ರುವಿನ ವ್ಯಾಪಾರಿ ಹಡಗುಗಳನ್ನು ಹಿಡಿಯಲು ಸರ್ಕಾರದ ಪರವಾನಗಿ ಪಡೆದ ಖಾಸಗಿ ಸಮರನೌಕೆಗಳು ಆಗ ನ್ಯೂ ಇಂಗ್ಲೆಂಡಿನ ಪ್ರತಿ ಬಂದರಿನಿಂದಲೂ ಹೊರಡುತ್ತಿದ್ದವು. ಸಿಕ್ಕ ಕೊಳ್ಳೆಯಲ್ಲಿ ನಾವಿಕರಿಗೂ ಪಾಲು. 1776ರಲ್ಲಿ ಪ್ರಾವಿಡೆನ್ಸ್‌ನಿಂದ ಹೊರಟ ಡೈಮಂಡ್ ಎಂಬ ನೌಕೆಯಲ್ಲಿ ಹ್ಯೂಸ್ ಹೋದ. ಕೆಲವು ಹಡಗುಗಳು ಕೈಗೆ ಸಿಕ್ಕವು. ಎರಡನೆಯ ಯಾನಕ್ಕೆ ಬಾಸ್ಟನ್ನಿನಲ್ಲಿ ಹ್ಯಾನ್‌ಕಾಕ್ ಎಂಬ ಹಡಗನ್ನು ಸೇರಲು ಸಿದ್ಧನಾಗಿದ್ದ. ಬೀದಿಯಲ್ಲಿ ಎದುರಾದ ಆ ಹಡಗಿನ ಲೆಫ್ಟಿನೆಂಟ್, ತನ್ನನ್ನು ಕಂಡಾಗ ಟೋಪಿ ತೆಗೆಯಬೇಕೆಂದು ಗದರಿದ. ಯಾವ ಮನುಷ್ಯನಿಗೂ ಅದನ್ನು ಮಾಡಲಾರೆ ಎಂದು ಹೇಳಿ ಹ್ಯೂಸ್ ಆ ಹಡಗನ್ನೇ ಬಿಟ್ಟ. ಹ್ಯಾನ್‌ಕಾಕ್ ಮಹಲಿನಲ್ಲಿ ವೈನ್ ಲೋಟ ಹಿಡಿದು ನಡುಗಿದ ದಿನದಿಂದ ಇಲ್ಲಿಗೆ ಹದಿನೈದೋ ಹದಿನಾರೋ ವರ್ಷ. 1779ರಲ್ಲಿ ಬದಲಿಗೆ ಹತ್ತಿದ್ದು ಕನೆಕ್ಟಿಕಟ್‌ನ ಡಿಫೆನ್ಸ್ ಎಂಬ ನೌಕೆ. ಕ್ಯಾಪ್ಟನ್ ಸ್ಯಾಮ್ಯುಯೆಲ್ ಸ್ಮೆಡ್ಲಿ. ಕೊಳ್ಳೆ ಸಿಕ್ಕಿತು, ಹ್ಯೂಸನ ಪಾಲು ಮಾತ್ರ ಕೈಗೆ ಬರಲೇ ಇಲ್ಲ. ಆತ್ಮಗೌರವಕ್ಕೆ ಬೆಲೆ ಬಂದಿತ್ತು, ದುಡಿಮೆಗೆ ಬಂದಿರಲಿಲ್ಲ.

ಮುಪ್ಪು ಮತ್ತು ಖ್ಯಾತಿ

ಯುದ್ಧದ ನಂತರ ರೆಂಥಮ್‌ನಲ್ಲಿ ಮೂರು ದಶಕ ಬಡತನ. 1812ರಲ್ಲಿ ಬ್ರಿಟನ್ ಜೊತೆ ಮತ್ತೆ ಯುದ್ಧ ಶುರುವಾದಾಗ, ಎಪ್ಪತ್ತರ ಹ್ಯೂಸ್ ನೌಕೆ ಸೇರಲು ಹೋಗಿ ವಯಸ್ಸಾಯಿತೆಂದು ವಾಪಸು ಕಳಿಸಲ್ಪಟ್ಟ. ಅದಾದ ಕೆಲವೇ ವರ್ಷಗಳಲ್ಲಿ ಮಕ್ಕಳ ಹಿಂದೆ ನ್ಯೂಯಾರ್ಕ್ ರಾಜ್ಯದ ರಿಚ್‌ಫೀಲ್ಡ್ ಸ್ಪ್ರಿಂಗ್ಸ್‌ಗೆ ಹೋಗಿ, ಅಲ್ಲೂ ಬೂಟು ಹೊಲಿದ. 1828ರಲ್ಲಿ ಸ್ಯಾಲಿ ತೀರಿಕೊಂಡಳು. 1818ರ ಪಿಂಚಣಿ ಕಾನೂನು ಕಾಂಟಿನೆಂಟಲ್ ಸೈನ್ಯದ ನಿರ್ಗತಿಕರಿಗೆ ಮಾತ್ರ ಅನ್ವಯಿಸುತ್ತಿತ್ತು. ಆರು ತಿಂಗಳಾದರೂ ಸೇವೆ ಮಾಡಿದ ಮಿಲಿಷಿಯಾದವರಿಗೂ ಅವಕಾಶವಾದದ್ದು 1832ರಲ್ಲಿ, ಅವರಲ್ಲಿ ಬಹುಪಾಲು ಜನ ಮಣ್ಣಾದ ಮೇಲೆ. ಮುದುಕರು ಕೋರ್ಟಿನಲ್ಲಿ ನಿಂತು ಯಾವ ವರ್ಷ, ಯಾವ ಕ್ಯಾಪ್ಟನ್, ಎಷ್ಟು ದಿನ ಎಂದು ನೆನಪಿನಿಂದ ಹೇಳಬೇಕಿತ್ತು. ಹ್ಯೂಸನ ಅರ್ಜಿಗೆ ವರ್ಷಕ್ಕೆ 60 ಡಾಲರು ಮಂಜೂರಾಯಿತು. ಸಾಮಾನ್ಯ ಸಿಪಾಯಿಗಳ ಯುದ್ಧ ಹೇಗಿತ್ತೆಂದು ತಿಳಿಯಲು ಇಂಥ ಸಾವಿರಾರು ಅರ್ಜಿಗಳು ಇಂದು ಇತಿಹಾಸಕಾರರಿಗೆ ಮುಖ್ಯ ಆಕರ.

ಖ್ಯಾತಿ ಬಂದದ್ದು ಇದರ ಬೆನ್ನಿಗೆ. 1834ರಲ್ಲಿ ಜೇಮ್ಸ್ ಹಾಕ್ಸ್, 1835ರಲ್ಲಿ ಬೆಂಜಮಿನ್ ಬಸ್ಸಿ ಥ್ಯಾಚರ್ ಹ್ಯೂಸನ ನೆನಪುಗಳನ್ನು ಪುಸ್ತಕ ಮಾಡಿದರು. ಅಲ್ಲಿಯವರೆಗೆ ಚಹಾ ನಾಶ ಎಂದೇ ಕರೆಯುತ್ತಿದ್ದ ಘಟನೆಗೆ ಬಾಸ್ಟನ್ ಟೀ ಪಾರ್ಟಿ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ಈ ಎರಡು ಪುಸ್ತಕಗಳಿಂದಾಚೆಗೆ. 1835ರ ಜುಲೈ 4ರಂದು ಬಾಸ್ಟನ್ ನಗರ ಈತನನ್ನು ಕರೆಸಿ ಮೆರವಣಿಗೆ ಮಾಡಿತು. ಜೋಸೆಫ್ ಕೋಲ್ ಎಂಬ ಕಲಾವಿದ ತೈಲಚಿತ್ರ ಬರೆದ. ನೂರು ದಾಟಿದ ಮುದುಕ ಎಂದು ಎಲ್ಲರೂ ನಂಬಿದ್ದರಿಂದ ಚಿತ್ರಕ್ಕೂ ಶತಾಯುಷಿ ಎಂಬ ಹೆಸರೇ ಬಂತು. ನಿಜವಾಗಿ ಆಗ ತೊಂಬತ್ತಮೂರೂ ತುಂಬಿರಲಿಲ್ಲ. 1840ರ ಸ್ವಾತಂತ್ರ್ಯ ದಿನಾಚರಣೆಗೆ ಹೊರಡಲು ಗಾಡಿ ಹತ್ತುವಾಗ ಪೆಟ್ಟಾಗಿ, ಅದೇ ವರ್ಷ ನವೆಂಬರ್ 5ರಂದು ರಿಚ್‌ಫೀಲ್ಡ್ ಸ್ಪ್ರಿಂಗ್ಸ್‌ನಲ್ಲಿ ನಿಧನನಾದ. 1896ರಲ್ಲಿ ಶವವನ್ನು ಅಲ್ಲಿನ ಲೇಕ್‌ವ್ಯೂ ಸ್ಮಶಾನದಲ್ಲಿ ಅಂತರ್ಯುದ್ಧದ ಯೋಧರಿಗೆ ಮೀಸಲಾದ ಜಾಗಕ್ಕೆ ಸಾಗಿಸಿದರು.

ಅರವತ್ತು ವರ್ಷದ ಮೇಲೆ ಹೇಳಿದ ನೆನಪು ಎಷ್ಟು ನಂಬಲರ್ಹ? 1981ರಲ್ಲಿ ಇತಿಹಾಸಕಾರ ಆಲ್‌ಫ್ರೆಡ್ ಯಂಗ್ ಹ್ಯೂಸನ ಮೇಲೆ ಬರೆದ ಹೆಸರಾಂತ ಲೇಖನ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. 1999ರಲ್ಲಿ ಅದು ಪುಸ್ತಕವೂ ಆಯಿತು. 1770ರ ಹೇಳಿಕೆ, ಸಾಲದ ಕಡತ, ಪತ್ರಿಕೆಯ ವರದಿ, ಪಿಂಚಣಿ ಅರ್ಜಿಗಳನ್ನು ಪಕ್ಕಪಕ್ಕಕ್ಕಿಟ್ಟಾಗ ಮುದುಕನ ನೆನಪು ಬಹುಮಟ್ಟಿಗೆ ತಾಳೆಯಾಯಿತು. ತಾಳೆಯಾಗದ ಒಂದು ಸಂಗತಿ ಮಾತ್ರ ಉಳಿದಿದೆ: ಚಹಾದ ರಾತ್ರಿ ತನ್ನ ಪಕ್ಕದಲ್ಲೇ ನಿಂತು ಪೆಟ್ಟಿಗೆ ಒಡೆದವನು ಜಾನ್ ಹ್ಯಾನ್‌ಕಾಕ್ ಎಂದು ಹ್ಯೂಸ್ ಕೊನೆಯವರೆಗೂ ಹೇಳುತ್ತಿದ್ದ. ಗುರುತು ಸಿಕ್ಕರೆ ಕಳೆದುಕೊಳ್ಳಲು ಅಷ್ಟೊಂದಿದ್ದ ಮುಂದಾಳು ಆ ರಾತ್ರಿ ಹಡಗು ಹತ್ತಿದ್ದನೆಂದು ಇತಿಹಾಸಕಾರರು ನಂಬುವುದಿಲ್ಲ. ಮಸಿ ಬಳಿದ ಯಾವುದೋ ಮುಖವನ್ನು ಕಂಡು ಹ್ಯೂಸ್ ಹಾಗೆಂದುಕೊಂಡಿರಬಹುದು. ಬೂಟು ರಿಪೇರಿ ಮಾಡಿಸಿಕೊಂಡ ಧಣಿ ತನ್ನ ಸರಿಸಮನಾಗಿ ಕೈಜೋಡಿಸಿದ ಎಂಬ ಭಾವನೆ ಆ ತಪ್ಪು ಗುರುತನ್ನು ಅರವತ್ತು ವರ್ಷ ಹಿಡಿದಿಟ್ಟುಕೊಂಡಿತು ಎಂಬುದು ಯಂಗ್‌ರ ವಿವರಣೆಯ ಜಾಡು; ಇದಕ್ಕಿಂತ ಒಪ್ಪುವಂಥ ವಿವರಣೆ ಈವರೆಗೆ ಬಂದಿಲ್ಲ.